ವಾರಾಂತ್ಯಕ್ಕೆ ಬೆಟ್ಟ ಹತ್ತುವ ಮುನ್ನ: ಫ್ಯಾಮಿಲಿ ಗ್ರೂಪಿಗೆ ಬರುವ ಸಲಹೆಗಳಲ್ಲಿ ಎಷ್ಟು ನಿಜ?

ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಹೊರಡುವ ಕಾರು, ಬೈಕುಗಳಲ್ಲಿ ದೊಡ್ಡ ಪಾಲು ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆ ತಿರುಗುತ್ತದೆ. ಸುಮಾರು ಐವತ್ತು ಕಿಲೋಮೀಟರ್ ಹೋದರೆ ಸಾಕು, ರಸ್ತೆಯ ಎರಡೂ ಕಡೆ ಬೋಳು ಬಂಡೆಯ ಬೆಟ್ಟಗಳು ಕಾಣುತ್ತವೆ. ರಾಮನಗರದ ರಾಮದೇವರ ಬೆಟ್ಟ, ಕೈಲಾಂಚ ಹೋಬಳಿಯ ಕಡೆಯ ರೇವಣಸಿದ್ದೇಶ್ವರ ಬೆಟ್ಟ, ಮಾಗಡಿಯ ಸಾವನದುರ್ಗ, ಕನಕಪುರದ ಕಬ್ಬಾಳು ಹೀಗೆ ಒಂದೇ ದಿನದಲ್ಲಿ ಹೋಗಿಬರಬಹುದಾದ ಜಾಗಗಳು ಬೇಕಾದಷ್ಟಿವೆ. 2025ರಲ್ಲಿ ಈ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದು ಬದಲಾಗಿದ್ದರೂ ಜನರ ಬಾಯಲ್ಲಿ ಅದು ಇನ್ನೂ ರಾಮನಗರವೇ.

"ಭಾನುವಾರ ಬೆಟ್ಟಕ್ಕೆ ಹೋಗೋಣ" ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದರೂ ಹಾಕಿದ ತಕ್ಷಣ ಫಾರ್ವರ್ಡ್‌ಗಳು ಶುರುವಾಗುತ್ತವೆ. ಕರ್ಪೂರ ಇಟ್ಟುಕೊಳ್ಳಿ, ಮೊಬೈಲ್ ಆಫ್ ಮಾಡಿ, ಕರಡಿ ಕಂಡರೆ ಸತ್ತಂತೆ ಮಲಗಿ, ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಿ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇವುಗಳಲ್ಲಿ ಕೆಲವು ನಿರುಪಯುಕ್ತ, ಕೆಲವು ಅಪಾಯಕಾರಿ. ಬೆಟ್ಟದ ಮೇಲೆ ಆಸ್ಪತ್ರೆ ಹತ್ತಿರವಿರುವುದಿಲ್ಲ. ಅಲ್ಲಿ ಮೊದಲ ಹತ್ತು ನಿಮಿಷ ನಾವು ಏನು ಮಾಡುತ್ತೇವೆ ಎನ್ನುವುದರ ಮೇಲೆ ಜೀವವೇ ನಿಂತಿರಬಹುದು. ಆದ್ದರಿಂದ ಒಂದೊಂದನ್ನೇ ನೋಡೋಣ.

ಈ ಬೆಟ್ಟಗಳು ಆರಿಹೋದ ಜ್ವಾಲಾಮುಖಿಗಳೇ?

ಅಲ್ಲ. ಜ್ವಾಲಾಮುಖಿಯಲ್ಲಿ ಕರಗಿದ ಶಿಲೆ ನೆಲದ ಮೇಲೆ ಉಕ್ಕಿ ಬಂದು ಬೇಗ ತಣ್ಣಗಾಗುತ್ತದೆ. ರಾಮನಗರದ ಬಂಡೆಗಳು ಹಾಗಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲೆ ಭೂಮಿಯ ಒಳಗೆ, ಕಿಲೋಮೀಟರ್‌ಗಟ್ಟಲೆ ಆಳದಲ್ಲಿ, ಬಹಳ ನಿಧಾನವಾಗಿ ತಣ್ಣಗಾಗಿ ಗ್ರಾನೈಟ್ ಆಯಿತು. ಆಮೇಲೆ ಕೋಟ್ಯಂತರ ವರ್ಷ ಮಳೆ, ಗಾಳಿ, ಬಿಸಿಲು ಮೇಲಿನ ಪದರಗಳನ್ನು ಸವೆಸಿದವು. ಒಳಗಿದ್ದ ಗಟ್ಟಿ ಬಂಡೆ ಹೊರಗೆ ಕಾಣಿಸಿಕೊಂಡಿತು.

ಇದಕ್ಕೆ ಸಾಕ್ಷಿ ಬಂಡೆಯಲ್ಲೇ ಇದೆ. ಹತ್ತಿರದಿಂದ ನೋಡಿದರೆ ನಸುಗೆಂಪು ಬಣ್ಣದ ದಪ್ಪ ಹರಳುಗಳು ಕಾಣುತ್ತವೆ. ನಿಧಾನವಾಗಿ ತಣ್ಣಗಾದಾಗ ಮಾತ್ರ ಹರಳುಗಳು ಅಷ್ಟು ದೊಡ್ಡದಾಗಿ ಬೆಳೆಯುತ್ತವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಈ ಶಿಲೆಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ನೆನಪಿಗೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಬದಲಾದರೂ ಶಿಲೆಯ ಹೆಸರು ಉಳಿಯಿತು. ಈ ಗ್ರಾನೈಟ್ ಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹಬ್ಬಿದೆ.

ಇಂಥ ಬಂಡೆಯ ಮೇಲ್ಮೈ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಏಳುತ್ತದೆ. ಗಟ್ಟಿಯಾಗಿ ಕಂಡ ಚಪ್ಪಡಿ ಕಾಲಿಟ್ಟಾಗ ಜಾರಬಹುದು. ಮಳೆ ಬಿದ್ದ ಮೇಲಂತೂ ಪಾಚಿ ಕಟ್ಟಿದ ಬಂಡೆ ಸೋಪಿನ ಹಾಗಿರುತ್ತದೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಸಾವನದುರ್ಗವನ್ನು ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೇಳುತ್ತಾರೆ. ಅದರ ಇಳಿಜಾರು ನುಣುಪಾದ ಬಂಡೆ. ಹತ್ತುವಾಗ ಸುಲಭ ಎನಿಸಿದ್ದು ಇಳಿಯುವಾಗ ಕಷ್ಟವಾಗುತ್ತದೆ.

ಬೆಟ್ಟದ ಮೇಲೆ ಆಕ್ಸಿಜನ್ ಕಡಿಮೆ, ಕರ್ಪೂರ ಮೂಸಿದರೆ ಹೆಚ್ಚುತ್ತದೆಯೇ?

ಈ ಸಂದೇಶ ಕೋವಿಡ್ ಕಾಲದಲ್ಲಿ ಜೋರಾಗಿ ಹರಿದಾಡಿತ್ತು. ಈಗ ಬೆಟ್ಟದ ಪ್ರವಾಸಕ್ಕೂ ಅದನ್ನೇ ಅಂಟಿಸುತ್ತಾರೆ. ಎರಡೂ ಭಾಗ ನಮ್ಮ ಬೆಟ್ಟಗಳಿಗೆ ಹೊಂದುವುದಿಲ್ಲ.

ಗಾಳಿಯಲ್ಲಿ ಆಕ್ಸಿಜನ್ ಪ್ರಮಾಣ ಎಲ್ಲ ಕಡೆಯೂ ಸುಮಾರು ಶೇ 21. ಎತ್ತರಕ್ಕೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಬೆಂಗಳೂರೇ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಒತ್ತಡಕ್ಕೂ ಸಾವನದುರ್ಗದ ತುದಿಯ ಒತ್ತಡಕ್ಕೂ ಇರುವ ವ್ಯತ್ಯಾಸ ನೂರರಲ್ಲಿ ಮೂರು ನಾಲ್ಕು ಪಾಲು ಅಷ್ಟೇ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2500 ಮೀಟರ್ ದಾಟಿದ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಸುಮಾರು 1930 ಮೀಟರ್ ಮಾತ್ರ.

ಹಾಗಾದರೆ ಏದುಸಿರು ಬರುವುದೇಕೆ? ಕಡಿದಾದ ಏರು, ಬಿಸಿಲು, ವಾರವಿಡೀ ಕುಳಿತೇ ಕೆಲಸ ಮಾಡುವ ಅಭ್ಯಾಸ. ನಿಂತು ಸುಧಾರಿಸಿಕೊಂಡರೆ ಕಡಿಮೆಯಾಗುತ್ತದೆ. ಆದರೆ ಎದೆ ಬಿಗಿತ, ತಣ್ಣನೆಯ ಬೆವರು, ಎಡತೋಳಿಗೋ ದವಡೆಗೋ ಹರಡುವ ನೋವು ಬಂದರೆ ಅದನ್ನು ಸುಸ್ತು ಎಂದು ತಳ್ಳಿಹಾಕಬೇಡಿ. ಅಲ್ಲೇ ಕೂರಿಸಿ, 108ಕ್ಕೆ ಕರೆ ಮಾಡಿ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎನ್ನುವ ಇನ್ನೊಂದು ಫಾರ್ವರ್ಡ್ ನಂಬಿ ಸಮಯ ಕಳೆಯುವುದು ಬೇಡ.

ಕರ್ಪೂರ ಮೂಸಿದಾಗ ಮೂಗು ತೆರೆದಂತೆ ಅನಿಸುವುದು ನಿಜ. ಅದು ಮೂಗಿನಲ್ಲಿರುವ ತಂಪು ಗುರುತಿಸುವ ನರಗಳನ್ನು ಕೆರಳಿಸುತ್ತದೆ. ಒಳಗೆ ಹೋಗುವ ಗಾಳಿಯಾಗಲಿ, ರಕ್ತದ ಆಕ್ಸಿಜನ್ ಆಗಲಿ ಅದರಿಂದ ಹೆಚ್ಚುವುದಿಲ್ಲ. ನಿಜವಾದ ಅಪಾಯ ಇರುವುದು ಮಕ್ಕಳಿಗೆ. ಕಲ್ಲುಸಕ್ಕರೆ ಎಂದುಕೊಂಡು ಕರ್ಪೂರದ ಬಿಲ್ಲೆ ಬಾಯಿಗೆ ಹಾಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಪುಟ್ಟ ಮಗುವಿಗೆ ಒಂದು ಗ್ರಾಂನಷ್ಟು ಕರ್ಪೂರ ಹೊಟ್ಟೆಗೆ ಹೋದರೂ ಜೀವಕ್ಕೆ ಅಪಾಯ. ಮಕ್ಕಳ ಕೊರಳಿಗೆ ಕರ್ಪೂರದ ಗಂಟು ಕಟ್ಟುವುದನ್ನು ಬಿಡಿ. ನುಂಗಿದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆಯೇ?

ಇಲ್ಲ. ಹೊಟ್ಟೆಗೆ ಹೋದ ತಣ್ಣೀರು ಕೆಲವೇ ನಿಮಿಷದಲ್ಲಿ ಮೈಯ ಬಿಸಿಗೆ ಬರುತ್ತದೆ. ಒಮ್ಮೆಲೇ ಗಟಗಟನೆ ಕುಡಿದರೆ ಹೊಟ್ಟೆ ಹಿಡಿದಂತಾಗಬಹುದು, ಅಷ್ಟೇ. ಬಿಸಿಲಿನಲ್ಲಿ ಕಾದ ಬಂಡೆಯ ಮೇಲೆ ನೀರು ಕುಡಿಯದೆ ನಡೆಯುವುದೇ ನಿಜವಾದ ಅಪಾಯ. ಒಬ್ಬರು ಅಸಂಬದ್ಧವಾಗಿ ಮಾತಾಡಲು ಶುರುಮಾಡಿದರೆ, ಮೈ ಸುಡುತ್ತಿದ್ದರೆ ಅದು ಶಾಖಾಘಾತ. ನೆರಳಿಗೆ ಕರೆತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಬೇಕು. ಬೆವರಿ ಸುಸ್ತಾದವರಿಗೆ ಓಆರ್‌ಎಸ್ ಒಳ್ಳೆಯದು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು.

ಬಂಡೆಯ ದೊಣೆಗಳಲ್ಲಿ ನಿಂತ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ. ಹಕ್ಕಿ, ಕೋತಿ, ದನಗಳ ಹಿಕ್ಕೆ ಮೂತ್ರ ಅದಕ್ಕೆ ಸೇರಿರುತ್ತದೆ.

ಮೊಬೈಲ್ ಸಿಡಿಲನ್ನು ಎಳೆಯುತ್ತದೆಯೇ?

ಎಳೆಯುವುದಿಲ್ಲ. ಮೊಬೈಲಿನ ರೇಡಿಯೋ ಅಲೆಗಳು ಸಿಡಿಲಿಗೆ ದಾರಿ ಮಾಡಿಕೊಡುವುದಿಲ್ಲ. ಸಿಡಿಲು ಸಾಮಾನ್ಯವಾಗಿ ಬಡಿಯುವುದು ಸುತ್ತಲಿನ ಎತ್ತರದ ವಸ್ತುವಿಗೆ. ಬೋಳು ಬೆಟ್ಟದ ತುದಿಯಲ್ಲಿ ಆ ಎತ್ತರದ ವಸ್ತು ನೀವೇ. ಮೊಬೈಲ್ ಆಫ್ ಮಾಡಿದೆವು, ಇನ್ನು ಭಯವಿಲ್ಲ ಎಂದು ತುದಿಯಲ್ಲೇ ಕುಳಿತರೆ ಈ ಸುಳ್ಳು ಸಲಹೆ ಜೀವ ತೆಗೆಯುತ್ತದೆ. ತುರ್ತು ಕರೆಗೆ ಮೊಬೈಲ್ ಬೇಕೇ ಬೇಕು.

ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಬಂದರೆ ಸಿಡಿಲು ನಿಮ್ಮ ಹತ್ತಿರವಿದೆ ಎಂದರ್ಥ. ಕೂಡಲೇ ಇಳಿಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಹತ್ತಬೇಡಿ.

ಒಂಟಿ ಮರ, ನಾಲ್ಕು ಕಂಬದ ತೆರೆದ ಮಂಟಪ, ಬಂಡೆಯ ಚಾಚಿನ ಕೆಳಗಿನ ಜಾಗ ಇವ್ಯಾವೂ ಸುರಕ್ಷಿತವಲ್ಲ. ಸಿಡಿಲು ಮರಕ್ಕೆ ಬಡಿದು ಪಕ್ಕದವರಿಗೆ ಹಾರುತ್ತದೆ, ಒದ್ದೆ ಬಂಡೆಯ ಮೇಲೂ ಹರಿಯುತ್ತದೆ. ಗಾಜು ಏರಿಸಿದ ಕಾರು ಅಥವಾ ಪಕ್ಕಾ ಕಟ್ಟಡ ಒಳ್ಳೆಯದು. ಇಳಿಯುವಾಗ ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದು ಗುಂಪಾಗಿ ಬರಬೇಡಿ, ಸ್ವಲ್ಪ ಅಂತರವಿರಲಿ. ಆಗ ಒಂದೇ ಸಿಡಿಲು ಎಲ್ಲರನ್ನೂ ಬೀಳಿಸುವುದಿಲ್ಲ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎನ್ನುವುದೂ ಸುಳ್ಳು. ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಹೃದಯ ನಿಂತಿದ್ದರೆ ತಕ್ಷಣ ಎದೆ ಒತ್ತಿದರೆ ಬದುಕುವ ಸಾಧ್ಯತೆ ಇದೆ. ಪುಣೆಯ ಐಐಟಿಎಂ ಸಂಸ್ಥೆ ರೂಪಿಸಿರುವ ದಾಮಿನಿ ಆ್ಯಪ್ ನಿಮ್ಮ ಸುತ್ತಲಿನ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಹೊರಡುವ ಮುನ್ನ ಹಾಕಿಕೊಳ್ಳಿ.

ಹೆಜ್ಜೇನು ಎದ್ದರೆ ನೀರಿಗೆ ಹಾರಬೇಕೇ, ಹೊಗೆ ಹಾಕಬೇಕೇ?

ಎರಡೂ ಬೇಡ. ಈ ಬೆಟ್ಟಗಳ ಬಂಡೆಯ ಚಾಚಿನಡಿ ದೊಡ್ಡ ದೊಡ್ಡ ಹೆಜ್ಜೇನು ಗೂಡುಗಳು ತೂಗುತ್ತಿರುತ್ತವೆ. ಕಲ್ಲು ಎಸೆಯುವುದು, ಪಟಾಕಿ, ಅಡುಗೆಯ ಹೊಗೆ, ಡ್ರೋನ್ ಇವೆಲ್ಲ ಅವುಗಳನ್ನು ಕೆರಳಿಸುತ್ತವೆ. ಒಂದು ಹುಳು ಚುಚ್ಚಿದಾಗ ಬಾಳೆಹಣ್ಣಿನ ವಾಸನೆಯ ಒಂದು ರಾಸಾಯನಿಕ ಹೊರಬರುತ್ತದೆ. ಅದು ಉಳಿದ ಹುಳುಗಳಿಗೆ "ಇಲ್ಲೇ ಚುಚ್ಚಿ" ಎನ್ನುವ ಸೂಚನೆ. ಹಾಗಾಗಿ ಅಲ್ಲಾಡದೆ ನಿಂತರೆ ಬಿಟ್ಟುಬಿಡುತ್ತವೆ ಎನ್ನುವ ಮಾತು ಒಂದು ಹುಳು ಸುತ್ತುತ್ತಿದ್ದಾಗ ಸರಿ, ಹಿಂಡು ಎದ್ದಾಗ ಅಲ್ಲ.

ಹಿಂಡು ಎದ್ದರೆ ಸೆರಗು, ಶರ್ಟು, ಟವೆಲ್ ಏನಾದರೂ ಮುಖ ತಲೆಗೆ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡು, ಕಾರಿಗೋ ಮನೆಗೋ ಸೇರುವವರೆಗೆ ನಿಲ್ಲದೆ ದೂರ ಹೋಗಿ. ಬಂಡೆಯ ಅಂಚು ಎಲ್ಲಿದೆ ಎಂಬ ಎಚ್ಚರವಿರಲಿ. ನೀರಿಗೆ ಹಾರಿದರೆ ಹುಳುಗಳು ಮೇಲೆ ಕಾಯುತ್ತವೆ, ಮುಳುಗುವ ಅಪಾಯ ಬೇರೆ.

ಚುಚ್ಚಿದ ಮುಳ್ಳು ಚರ್ಮದಲ್ಲೇ ಉಳಿದು ವಿಷ ತುಂಬುತ್ತಿರುತ್ತದೆ. ಉಗುರಿನಿಂದ ಕೀಳಬಾರದು, ಕಾರ್ಡಿನಿಂದಲೇ ಕೆರೆಯಬೇಕು ಎನ್ನುವ ನಿಯಮಕ್ಕಿಂತ ಬೇಗ ತೆಗೆಯುವುದು ಮುಖ್ಯ. ಸುಣ್ಣ, ಈರುಳ್ಳಿ, ಕಬ್ಬಿಣ ಉಜ್ಜುವುದರಿಂದ ಸಮಯ ಹಾಳು. ತಣ್ಣೀರು ಅಥವಾ ಐಸ್ ಸಾಕು. ತುಟಿ, ನಾಲಿಗೆ ಊದಿಕೊಳ್ಳುವುದು, ಉಸಿರಾಟ ಕಷ್ಟವಾಗುವುದು, ತಲೆಸುತ್ತಿ ಬೀಳುವುದು ಅಲರ್ಜಿಯ ಲಕ್ಷಣ. ಇದಕ್ಕೆ ಅಡ್ರಿನಲಿನ್ ಇಂಜೆಕ್ಷನ್ ಬೇಕು, ತಡ ಮಾಡುವಂತಿಲ್ಲ. ಹತ್ತಾರು ಕಡೆ ಚುಚ್ಚಿದ್ದರೆ, ಅದರಲ್ಲೂ ಮಕ್ಕಳಿಗೆ, ಆ ಹೊತ್ತಿಗೆ ಚೆನ್ನಾಗಿ ಕಂಡರೂ ಆಸ್ಪತ್ರೆಗೆ ತೋರಿಸಿ. ಮೂತ್ರಪಿಂಡಕ್ಕೆ ಆಗುವ ತೊಂದರೆ ಆಮೇಲೆ ಗೊತ್ತಾಗಬಹುದು.

ಕರಡಿ ಕಂಡರೆ ಸತ್ತಂತೆ ಮಲಗಬೇಕೇ?

ಇಬ್ಬರು ಗೆಳೆಯರು ಮತ್ತು ಕರಡಿಯ ಕತೆ ಎಲ್ಲರಿಗೂ ಗೊತ್ತು. ರಾಮನಗರದ ಕಾಡುಬೆಟ್ಟಗಳಲ್ಲಿ ಕರಡಿಗಳು ನಿಜವಾಗಿಯೂ ಇವೆ. ಕರಡಿ ಬರುವುದು ನಮ್ಮನ್ನು ತಿನ್ನಲು ಅಲ್ಲ, ಹಠಾತ್ತಾಗಿ ಎದುರಾದಾಗ ಗಾಬರಿಯಿಂದ ಮೇಲೆ ಬೀಳುತ್ತದೆ. ದೂರದಲ್ಲಿ ಕಂಡರೆ ಮಲಗುವ ಅಗತ್ಯವಿಲ್ಲ. ಸದ್ದಿಲ್ಲದೆ ಹಿಂದೆ ಸರಿಯಿರಿ. ಮೈಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಎರಡೂ ಕೈಗಳಿಂದ ಕುತ್ತಿಗೆಯ ಹಿಂಭಾಗ ಮುಚ್ಚಿಕೊಂಡು ಮುಖ ಉಳಿಸಿಕೊಳ್ಳಿ. ಕತೆಯಲ್ಲಿ ಹೇಳಿದಂತೆ ಉಸಿರು ಬಿಗಿಹಿಡಿಯುವುದರಿಂದ ಲಾಭವಿಲ್ಲ. ಲಾಭ ಇರುವುದು ಮುಖ, ಕುತ್ತಿಗೆ ಮುಚ್ಚಿಕೊಳ್ಳುವುದರಲ್ಲಿ. ಮುಂಜಾನೆ, ಮುಸ್ಸಂಜೆ ಪೊದೆಗಳ ಕಡೆ ಹೋಗದಿರುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಹಾವು ಕಚ್ಚಿದರೆ ಕಟ್ಟಬೇಕೇ, ಹೀರಬೇಕೇ?

ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಬಿಗಿಯಾಗಿ ಕಟ್ಟಿದರೆ ಕಾಲೇ ಕೊಳೆಯಬಹುದು. ಕಚ್ಚಿದ ಕಾಲನ್ನು ಅಲ್ಲಾಡಿಸದೆ ಇಟ್ಟು, ನಡೆಸದೆ ಹೊತ್ತು ತನ್ನಿ. ಉಂಗುರ, ಕಾಲ್ಗೆಜ್ಜೆ ತೆಗೆಯಿರಿ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಕೆಲಸ ಮಾಡುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಾಟಿ ಔಷಧಿ ಕೊಡುವವರ ಮನೆಗೆ ಸುತ್ತುಹಾಕುವುದು ಬಿಟ್ಟು ಆಸ್ಪತ್ರೆಗೆ ನೇರ ಹೋಗಿ.

ಮುಳುಗುವವರು ಕೂಗಿಕೊಳ್ಳುತ್ತಾರೆ, ನಮಗೆ ಗೊತ್ತಾಗುತ್ತದೆ?

ಬೆಟ್ಟ ಇಳಿದ ಮೇಲೆ ನೀರಿಗೆ ಹೋಗುವುದು ರೂಢಿ. ಸಾವನದುರ್ಗದ ಹತ್ತಿರ ಅರ್ಕಾವತಿಗೆ ಕಟ್ಟಿರುವ ಮಂಚನಬೆಲೆ ಜಲಾಶಯ, ಕನಕಪುರದ ಆಚೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ, ಮೇಕೆದಾಟು. ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ಕೂಗುತ್ತಾರೆ. ನಿಜವಾಗಿ ಮುಳುಗುವವರಿಗೆ ಉಸಿರೆಳೆಯಲೇ ಪುರಸೊತ್ತಿರುವುದಿಲ್ಲ, ಇನ್ನು ಕೂಗುವುದೆಲ್ಲಿ? ಕೈಗಳು ನೀರನ್ನು ಕೆಳಗೆ ಒತ್ತುತ್ತಿರುತ್ತವೆ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಅದೇ ಎಚ್ಚರಿಕೆ. ಮಕ್ಕಳು ನೀರಿನ ಬಳಿ ಇರುವಾಗ ದೊಡ್ಡವರಲ್ಲಿ ಒಬ್ಬರು ಮೊಬೈಲ್ ಜೇಬಿಗಿಟ್ಟು ಅವರನ್ನೇ ನೋಡುತ್ತಿರಬೇಕು.

ಒಬ್ಬರನ್ನು ಉಳಿಸಲು ಇನ್ನೊಬ್ಬರು ಹಾರಿ, ಅವರನ್ನು ಉಳಿಸಲು ಮತ್ತೊಬ್ಬರು ಹಾರಿ ಒಂದೇ ಮನೆಯ ಮೂರು ನಾಲ್ಕು ಜನ ಹೋಗುವುದು ಹೀಗೆಯೇ. ಹಾರಬೇಡಿ. ಕೋಲು, ಹಗ್ಗ, ಸೀರೆ, ಪಂಚೆ ಚಾಚಿ. ಖಾಲಿ ಕ್ಯಾನ್ ಎಸೆಯಿರಿ.

ಮೇಲೆತ್ತಿದವರನ್ನು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಹಳೆಯ ತಪ್ಪು ಪದ್ಧತಿ. ಹೊಟ್ಟೆಯ ನೀರು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆಯ ನಡುವೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಜೋರಾಗಿ ಒತ್ತಿ, 108 ಬರುವವರೆಗೆ ನಿಲ್ಲಿಸಬೇಡಿ.

ರಣಹದ್ದುಗಳನ್ನು ಕೊಂದಿದ್ದು ಮೊಬೈಲ್ ಟವರ್‌ಗಳೇ?

1975ರಲ್ಲಿ ತೆರೆಕಂಡ 'ಶೋಲೆ' ಸಿನಿಮಾದಿಂದ ರಾಮದೇವರ ಬೆಟ್ಟದ ಬಂಡೆಗಳು ದೇಶಕ್ಕೆಲ್ಲ ಪರಿಚಯವಾದವು. ಅದೇ ಬೆಟ್ಟ 2012ರಲ್ಲಿ ದೇಶದ ಮೊದಲ ರಣಹದ್ದು ವನ್ಯಜೀವಿಧಾಮವಾಯಿತು. ವಿಸ್ತೀರ್ಣ ಸುಮಾರು 346 ಹೆಕ್ಟೇರ್. ಅಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು ಉದ್ದ ಕೊಕ್ಕಿನ ರಣಹದ್ದುಗಳು.

ಇವು ಕಡಿಮೆಯಾಗಲು ಟವರ್ ಕಾರಣವಲ್ಲ. 1990ರ ದಶಕದಿಂದ ಭಾರತದ ಮೂರು ಜಾತಿಯ ರಣಹದ್ದುಗಳಲ್ಲಿ ಶೇ 95ಕ್ಕಿಂತ ಹೆಚ್ಚು ಸತ್ತವು. ಕಾರಣ ಗೊತ್ತಾಗಿದ್ದು 2004ರಲ್ಲಿ: ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕ್. ಆ ಔಷಧಿ ಪಡೆದು ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಡುತ್ತದೆ. ಯೂರಿಕ್ ಆಮ್ಲ ಹರಳುಗಟ್ಟಿ ಒಳಗಿನ ಅಂಗಗಳ ಮೇಲೆ ಬಿಳಿ ಪುಡಿಯಂತೆ ಕೂರುತ್ತದೆ. ಭಾರತ 2006ರಲ್ಲಿ ಪಶುಗಳಿಗೆ ಇದನ್ನು ನಿಷೇಧಿಸಿತು. ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿಗಳು ದನಗಳಿಗೆ ಹೋಗುತ್ತಿದ್ದರಿಂದ 2015ರಲ್ಲಿ ಅದನ್ನು 3 ಮಿ.ಲೀ. ಬಾಟಲಿಗೆ ಮಿತಿಗೊಳಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಪಶುಬಳಕೆಗೆ ನಿಷೇಧವಾದವು. ಮೆಲಾಕ್ಸಿಕಾಮ್ ಎಂಬ ಬದಲಿ ಔಷಧಿ ಹದ್ದುಗಳಿಗೆ ತೊಂದರೆ ಮಾಡುವುದಿಲ್ಲ. ನಿಮ್ಮ ಊರಿನ ಮನೆಯಲ್ಲಿ ಹಸುಗಳಿದ್ದರೆ ಪಶುವೈದ್ಯರನ್ನು ಇದರ ಬಗ್ಗೆ ಕೇಳಿ.

ರಣಹದ್ದು ಅಪಶಕುನ ಎನ್ನುವವರಿಗೆ ಒಂದು ಲೆಕ್ಕ. ಹದ್ದುಗಳಿಲ್ಲದೆ ಸತ್ತ ದನಗಳು ಕೊಳೆತು, ನೀರು ಕೆಟ್ಟು, ಬೀದಿನಾಯಿಗಳು ಹೆಚ್ಚಿ, 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವು ಸಂಭವಿಸಿರಬಹುದು ಎಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜು ಮಾಡಿದೆ. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಚಳಿಗಾಲದ ಸುಮಾರಿಗೆ. ಆ ಸಮಯದಲ್ಲಿ ಬಂಡೆಯ ಬಳಿ ಕೂಗಾಟ, ಡ್ರೋನ್ ಹಾರಿಸುವುದರಿಂದ ಹೆದರಿ ಗೂಡು ಬಿಟ್ಟರೆ ಆ ವರ್ಷದ ಮರಿ ಹೋದಂತೆ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶಗಳು ಹರಡುವುದಕ್ಕೆ ಕಾರಣವಿದೆ. ಅವುಗಳಲ್ಲಿ ಅರ್ಧ ನಿಜ ಇರುತ್ತದೆ. ಎತ್ತರದಲ್ಲಿ ಉಸಿರು ಕಷ್ಟವಾಗುವುದು ನಿಜ, ಆದರೆ ಹಿಮಾಲಯದಲ್ಲಿ. ಕರ್ಪೂರದಿಂದ ಮೂಗು ತಂಪಾಗುವುದು ನಿಜ, ಆದರೆ ಆಕ್ಸಿಜನ್ ಹೆಚ್ಚುವುದಿಲ್ಲ. ಎರಡು ನಿಜಗಳನ್ನು ಜೋಡಿಸಿ ಒಂದು ಸುಳ್ಳು ಮಾಡಿದಾಗ ಅದು ಸುಲಭವಾಗಿ ನಂಬಿಕೆ ಗಳಿಸುತ್ತದೆ. ಜೊತೆಗೆ, ಮನೆಯವರ ಮೇಲಿನ ಕಾಳಜಿಯಿಂದ ಕಳಿಸುವ ಮಾತನ್ನು ಯಾರೂ ಪ್ರಶ್ನಿಸಲು ಹೋಗುವುದಿಲ್ಲ.

ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಸಲ ಕೈ ದಾಟಿ ಬಂದಿದೆ ಎಂದರ್ಥ. 2020ರಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಆ ಗುರುತು ಕಂಡಾಗ ಮೂರು ಪ್ರಶ್ನೆ ಕೇಳಿ. ಹೇಳಿದವರು ಯಾರು? ಯಾವ ಊರಿಗೆ, ಯಾವ ಎತ್ತರಕ್ಕೆ ಹೇಳಿದ್ದು? ಇದನ್ನು ನಂಬಿದರೆ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆಯೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಕಳಿಸಬೇಡಿ.

ಕಳಿಸಲೇಬೇಕೆಂದರೆ ಇಷ್ಟನ್ನು ಕಳಿಸಿ:

• ಬೆಳಗ್ಗೆ ಹತ್ತಿ, ಮಧ್ಯಾಹ್ನದ ಮೋಡ ಕಟ್ಟುವ ಮುನ್ನ ಇಳಿಯಿರಿ. ನೀರು, ಓಆರ್‌ಎಸ್, ಟೊಪ್ಪಿ, ಹಿಡಿತವಿರುವ ಶೂ ಇರಲಿ.
• ಗುಡುಗು ಕೇಳಿದರೆ ತುದಿಯಿಂದ ಇಳಿಯಿರಿ. ಮರದಡಿ ನಿಲ್ಲಬೇಡಿ.
• ಹೆಜ್ಜೇನು ಎದ್ದರೆ ಮುಖ ಮುಚ್ಚಿ ದೂರ ಹೋಗಿ.
• ಹಾವು ಕಚ್ಚಿದರೆ ಕಟ್ಟದೆ, ಕೊಯ್ಯದೆ ಆಸ್ಪತ್ರೆಗೆ.
• ನೀರಿನ ಬಳಿ ಮಕ್ಕಳ ಮೇಲೆ ಒಬ್ಬರ ಕಣ್ಣು ಸದಾ ಇರಲಿ. ಉಳಿಸಲು ಹಾರಬೇಡಿ, ಹಗ್ಗ ಎಸೆಯಿರಿ.
• ತುರ್ತಿಗೆ 108 ಅಥವಾ 112. ಬೆಟ್ಟ ಹತ್ತುವ ಮುನ್ನವೇ ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ ಎಂದು ನೋಡಿಕೊಳ್ಳಿ. ಮೇಲೆ ನೆಟ್‌ವರ್ಕ್ ಸಿಗದೆ ಇರಬಹುದು.